ಗಿರಾಕಿಯ ಡೊಮೇನ್ ಯಾರ ಖಾತೆಯಲ್ಲಿರಬೇಕು? ವೆಬ್ ಡಿಸೈನರುಗಳ ಮುಂದಿರುವ ನಾಲ್ಕು ದಾರಿ

ಸೈಟು ಮಾಡಿಸಲು ಬಂದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: “ಹೆಸರು-ಗಿಸರು ಎಲ್ಲ ನೀವೇ ನೋಡಿಕೊಳ್ಳಿ, ಬಿಲ್ಲು ಕೊಟ್ಟರೆ ಸಾಕು.” ಬದಿಯಡ್ಕದ ಅಡಿಕೆ ವ್ಯಾಪಾರಿ ಇರಲಿ, ಬೇಕಲದ ಹತ್ತಿರದ ಹೋಂಸ್ಟೇಯವರಿರಲಿ, ಬ್ರಹ್ಮಕಲಶಕ್ಕೆ ಮೊದಲು ಸೈಟು ಆಗಬೇಕೆಂದು ಬಂದ ದೇವಸ್ಥಾನದ ಸಮಿತಿ ಇರಲಿ, ಮಾತು ಬದಲಾಗುವುದಿಲ್ಲ. ಡಿಸೈನರ್ ಗೊಂದಲಕ್ಕೆ ಬೀಳುವುದು ಇಲ್ಲೇ. ಡೊಮೇನನ್ನು, ಅಂದರೆ ಸೈಟಿನ ವಿಳಾಸದ ಹೆಸರನ್ನು, ತನ್ನ ಖಾತೆಯಿಂದಲೇ ಕೊಂಡುಬಿಡುವುದೋ, ಗಿರಾಕಿಗೆ ಬೇರೆ ಖಾತೆ ಮಾಡಿಕೊಡುವುದೋ, ತಾನೇ ರಿಸೆಲ್ಲರ್ (ಸಗಟಾಗಿ ಕೊಂಡು ಮರುಮಾರುವವನು) ಆಗುವುದೋ, ಹೋಸ್ಟಿಂಗ್ (ಸೈಟಿನ ಫೈಲುಗಳನ್ನು ಇಡುವ ಸರ್ವರ್ ಸೇವೆ) ಜೊತೆ ಪುಕ್ಕಟೆ ಸಿಗುವ ಹೆಸರನ್ನೇ ಹಿಡಿಯುವುದೋ? ನಾಲ್ಕರಲ್ಲೂ ಸೈಟು ನಡೆಯುತ್ತದೆ. ವ್ಯತ್ಯಾಸ ಗೊತ್ತಾಗುವುದು ಎರಡನೇ ವರ್ಷ, ಇಲ್ಲವೇ ಡಿಸೈನರ್ ಮತ್ತು ಗಿರಾಕಿ ಬೇರೆಯಾಗುವ ದಿನ.

ನಮ್ಮ ಕಾಸರಗೋಡಿನವರಿಗೆ ಇದನ್ನು ಜಾಗದ ಲೆಕ್ಕದಲ್ಲಿ ಹೇಳಿದರೆ ಬೇಗ ತಲೆಗೆ ಹೋಗುತ್ತದೆ. ಡೊಮೇನ್ ಎಂದರೆ ಜಾಗ. ಹೋಸ್ಟಿಂಗ್ ಅದರ ಮೇಲೆ ಕಟ್ಟಿದ ಮನೆ. ನೋಂದಣಿದಾರನ ಹೆಸರು ಎಂದರೆ ಜಾಗದ ಆಧಾರದಲ್ಲಿ (ಕ್ರಯಪತ್ರದಲ್ಲಿ) ಇರುವ ಹೆಸರು, ವರ್ಷ ವರ್ಷ ಕಟ್ಟುವ ನವೀಕರಣದ ಹಣ ತೀರ್ವೆ, ಅಂದರೆ ಭೂಕಂದಾಯ. ಆದರೆ ತೀರ್ವೆ ಒಂದು ವರ್ಷ ಬಾಕಿಯಾದರೆ ಜಾಗ ಹೋಗುವುದಿಲ್ಲ, ಡೊಮೇನ್ ಹೋಗುತ್ತದೆ.

ಯಾವುದರಿಂದ ಅಳೆಯುವುದು

ದಾಖಲೆಯಲ್ಲಿ ಯಾರ ಹೆಸರಿದೆ ಎಂಬುದು ಎಲ್ಲಕ್ಕಿಂತ ಮೊದಲನೆಯದು. ನೋಂದಣಿಯ ಫಾರ್ಮಿನಲ್ಲಿ ವ್ಯಕ್ತಿಯ ಹೆಸರಿಗೊಂದು, ಸಂಸ್ಥೆಯ ಹೆಸರಿಗೊಂದು ಕಾಲಂ ಇರುತ್ತದೆ. ಸಂಸ್ಥೆಯ ಕಾಲಂ ತುಂಬಿದರೆ ಹಕ್ಕು ಸಂಸ್ಥೆಯದು, ಖಾಲಿ ಬಿಟ್ಟರೆ ವ್ಯಕ್ತಿಯದು. ಮಹಾಸಭೆ ಆದಾಗಲೆಲ್ಲ ಪದಾಧಿಕಾರಿಗಳು ಬದಲಾಗುವ ಯಕ್ಷಗಾನ ಸಂಘ, ಭಜನಾ ಮಂದಿರ, ಹಳೆ ವಿದ್ಯಾರ್ಥಿ ಸಂಘಗಳಿಗೆ ಈ ಒಂದು ಕಾಲಂ ಬಹಳ ದೊಡ್ಡದು. ಅಲ್ಲಿ ಆಗಿನ ಕಾರ್ಯದರ್ಶಿಯ ಹೆಸರು ಮಾತ್ರ ಇದ್ದರೆ, ಅವರು ಸಂಘ ಬಿಟ್ಟ ಮೇಲೂ ಡೊಮೇನ್ ಅವರದೇ.

ಎರಡನೆಯದು, ಎಚ್ಚರಿಕೆಯ ಮೈಲ್ ಎಲ್ಲಿಗೆ ಹೋಗುತ್ತದೆ ಎಂಬುದು. ಡಾಟ್ ಕಾಮ್, ಡಾಟ್ ಆರ್ಗ್‌ನಂಥ ಹೆಸರುಗಳಿಗೆ ಐಕಾನ್ (ICANN, ಜಾಗತಿಕವಾಗಿ ಡೊಮೇನ್ ಹೆಸರುಗಳನ್ನು ನೋಡಿಕೊಳ್ಳುವ ಸಂಸ್ಥೆ) ನಿಯಮದ ಪ್ರಕಾರ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಮ್ಮೆ, ಒಂದು ವಾರ ಮೊದಲು ಮತ್ತೊಮ್ಮೆ, ಮುಗಿದ 5 ದಿನದೊಳಗೆ ಇನ್ನೊಮ್ಮೆ ನೋಟಿಸ್ ಬರಬೇಕು. ನೋಟಿಸ್ ಬರುತ್ತದೆ. ಆದರೆ ಸೈಟು ಮಾಡಿಸಿದ ದಿನ ಅಳಿಯನೋ ಸೋದರಳಿಯನೋ ತೆರೆದುಕೊಟ್ಟ, ಆಮೇಲೆ ಯಾರೂ ಮುಟ್ಟದ ಜಿಮೇಲ್‌ಗೆ ಬರುತ್ತದೆ. ಇದಕ್ಕಿಂತ ಕೆಟ್ಟದ್ದು, ನೋಂದಣಿಯ ಮೈಲ್ ಆಗಿ ಅದೇ ಡೊಮೇನಿನ ವಿಳಾಸ ಕೊಡುವುದು. ಹೆಸರು ನಿಂತ ದಿನ ಆ ಮೈಲೂ ನಿಲ್ಲುತ್ತದೆ. ಪಾಸ್‌ವರ್ಡ್ ಬದಲಿಸುವ ಲಿಂಕ್ ಕೂಡ ಅಲ್ಲಿಗೇ ಹೋಗುವುದರಿಂದ ಬಾಗಿಲು ಒಳಗಿನಿಂದ ಚಿಲಕ ಹಾಕಿದಂತೆ.

ಮೂರನೆಯದು ಹಣ ಹೋಗುವ ದಾರಿ. ‘ಆಟೋ ರಿನ್ಯೂ’ ಒತ್ತಿ ನಿಶ್ಚಿಂತೆಯಿಂದ ಇರುವಂತಿಲ್ಲ. ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ (ಹಣ ತಾನಾಗಿ ಕಡಿತವಾಗಲು ಕೊಡುವ ಒಪ್ಪಿಗೆ) ನಿಯಮ 2021ರ ಅಕ್ಟೋಬರ್‌ನಿಂದ ಗಟ್ಟಿಯಾಗಿ ಜಾರಿಯಲ್ಲಿದೆ. ಅದಕ್ಕೆ ಒಗ್ಗದ ವಿದೇಶಿ ಕಂಪನಿಗಳ ಆಟೋ ಡೆಬಿಟ್ ನಮ್ಮ ಕಾರ್ಡುಗಳಲ್ಲಿ ಸುಮ್ಮನೆ ಫೇಲ್ ಆಗುತ್ತದೆ. 2020ರ ಅಕ್ಟೋಬರ್ ನಂತರ ಕೊಟ್ಟ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ನಾವೇ ಆನ್ ಮಾಡುವ ತನಕ ಆಫ್ ಆಗಿಯೇ ಇರುತ್ತದೆ. ಗಿರಾಕಿ ಯುಪಿಐ ಬಿಟ್ಟು ಬೇರೇನೂ ಬಳಸದವರಾದರೆ ಯುಪಿಐ ತೆಗೆದುಕೊಳ್ಳುವ, ಜಿಎಸ್‌ಟಿ ಬಿಲ್ಲು ಕೊಡುವ ಕಂಪನಿಯೇ ಅವರಿಗೆ ಸರಿ, ವರ್ಷಕ್ಕೆ ನೂರಿನ್ನೂರು ರೂಪಾಯಿ ಹೆಚ್ಚಾದರೂ.

ನಾಲ್ಕನೆಯದು, ಬಿಟ್ಟು ಹೋಗಬೇಕಾದಾಗ ದಾರಿ ಎಷ್ಟು ಸಲೀಸು. ಐದನೆಯದು, ಐದು ವರ್ಷದ ಒಟ್ಟು ಖರ್ಚು. ಜಾಹೀರಾತಿನಲ್ಲಿರುವುದು ಯಾವಾಗಲೂ ಮೊದಲ ವರ್ಷದ ದರ. ಮೊದಲ ವರ್ಷ 99 ರೂಪಾಯಿ, ಆಮೇಲೆ ವರ್ಷಕ್ಕೆ 2,500 ಎಂದಿರುವ ಹೆಸರಿಗೆ ಐದು ವರ್ಷಕ್ಕೆ 10,099 ಆಯಿತು. ಮೊದಲ ವರ್ಷದಿಂದಲೇ 1,100 ಇರುವ ಡಾಟ್ ಕಾಮ್‌ಗೆ 5,500. ಎರಡಕ್ಕೂ 18% ಜಿಎಸ್‌ಟಿ ಬೇರೆ. ಡಾಟ್ ಕಾಮ್‌ನ ಸಗಟು ದರ 2024ರ ಸೆಪ್ಟೆಂಬರ್‌ನಲ್ಲಿ 10.26 ಡಾಲರಿಗೆ ಏರಿತು. ಅದಕ್ಕಿಂತ ತುಂಬ ಕಡಿಮೆಗೆ ಯಾರಾದರೂ ಕೊಡುತ್ತಿದ್ದರೆ ಮುಂದಿನ ವರ್ಷ ವಸೂಲಿ ಮಾಡುತ್ತಾರೆಂದೇ ಲೆಕ್ಕ.

ಗಿರಾಕಿಯದೇ ಖಾತೆ, ಕೈಕೆಲಸ ನಿಮ್ಮದು

ಗಿರಾಕಿಯ ಮೈಲ್, ಫೋನ್, ಪಾವತಿಯಲ್ಲೇ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿ ಕೊಡುವ ಕಂಪನಿ) ಬಳಿ ಖಾತೆ ತೆರೆದು, ನಿಮಗೆ ಡಿಎನ್‌ಎಸ್ (ಹೆಸರು ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ವಿವರ) ಬದಲಿಸುವಷ್ಟು ಮಾತ್ರ ಅಧಿಕಾರ ಕೊಡಿಸುವುದು. ಹಲವು ರಿಜಿಸ್ಟ್ರಾರ್‌ಗಳಲ್ಲಿ ಇನ್ನೊಬ್ಬರಿಗೆ ಸೀಮಿತ ಪ್ರವೇಶ ಕೊಡುವ ಸೌಲಭ್ಯ ಇದೆ, ಪಾಸ್‌ವರ್ಡ್ ಹಂಚಿಕೊಳ್ಳಬೇಕಾಗಿಲ್ಲ. ಮೇಲೆ ಹೇಳಿದ ಮೊದಲ ಮತ್ತು ನಾಲ್ಕನೇ ಅಳತೆಯಲ್ಲಿ ಇದನ್ನು ಮೀರಿಸುವುದು ಬೇರೆ ಇಲ್ಲ. ಬಿಲ್ಲು ನೇರವಾಗಿ ಗಿರಾಕಿಯ ಹೆಸರಿಗೆ ಬರುತ್ತದೆ; 32ರಿಂದ ಶುರುವಾಗುವ ಕೇರಳದ ಜಿಎಸ್‌ಟಿ ನಂಬರ್ ಇರುವ ವ್ಯಾಪಾರಿಯಾದರೆ ಅದನ್ನು ಬಿಲ್ಲಿನಲ್ಲಿ ಹಾಕಿಸಿ ತೆರಿಗೆಯ ಕ್ರೆಡಿಟ್ ತೆಗೆದುಕೊಳ್ಳಬಹುದು. ನೀವು ಕೊಂಡು ಆಮೇಲೆ ಅವರಿಂದ ನಗದು ಪಡೆದರೆ ಆ ಕ್ರೆಡಿಟ್ ಹೋಯಿತು.

ತೊಡಕಿರುವುದು ಎರಡನೇ ಅಳತೆಯಲ್ಲಿ. ಹೊಸ ಹೆಸರು ನೋಂದಾಯಿಸಿದಾಗ, ಅಥವಾ ನೋಂದಣಿಯ ಮೈಲ್ ಬದಲಿಸಿದಾಗ, ಆ ವಿಳಾಸಕ್ಕೊಂದು ದೃಢೀಕರಣದ ಲಿಂಕ್ ಬರುತ್ತದೆ. 15 ದಿನದೊಳಗೆ ಅದನ್ನು ಒತ್ತದಿದ್ದರೆ ಹೆಸರನ್ನು ಅಮಾನತು ಮಾಡಬಹುದು. ಹಣ ಕಟ್ಟಿದೆ, ಹೋಸ್ಟಿಂಗ್ ಸರಿಯಿದೆ, ನಿನ್ನೆಯವರೆಗೆ ಸೈಟು ತೆರೆಯುತ್ತಿತ್ತು. ಇವತ್ತು ತೆರೆದರೆ ರಿಜಿಸ್ಟ್ರಾರ್‌ನ ಪುಟ. ಹೊಸ ಡಿಸೈನರ್ ಇಂಥ ದಿನ ಸರ್ವರ್ ಲಾಗ್ ಹುಡುಕುತ್ತ ಅರ್ಧ ದಿನ ಕಳೆಯುತ್ತಾನೆ. ಮೊದಲು ನೋಡಬೇಕಾದ್ದು ನೇಮ್‌ಸರ್ವರ್, ಅಂದರೆ ಡಿಎನ್‌ಎಸ್ ವಿವರ ಇಟ್ಟಿರುವ ಸರ್ವರ್: ನೀವು ಹಾಕಿದ್ದೇ ಇದೆಯೋ, ಬದಲಾಗಿದೆಯೋ ಎಂದು. ಬದಲಾಗಿದ್ದರೆ ಗಿರಾಕಿಯ ಸ್ಪ್ಯಾಮ್ ಫೋಲ್ಡರ್ ತೆರೆಸಿ. ಲಿಂಕ್ ಒತ್ತಿದ ಮೇಲೆ ಕೆಲವು ಗಂಟೆಗಳಲ್ಲಿ ಹೆಸರು ಮರಳುತ್ತದೆ. ಆದ್ದರಿಂದ ನೋಂದಣಿ ಮಾಡುವಾಗ ಗಿರಾಕಿ ಫೋನ್ ಹಿಡಿದು ಪಕ್ಕದಲ್ಲಿ ಕೂತಿರಬೇಕು. ಲಿಂಕ್ ಒತ್ತಿಸಿಯೇ ಏಳಬೇಕು.

ಇನ್ನೊಂದು ನಮ್ಮ ಜಿಲ್ಲೆಯಲ್ಲಿ ಎದ್ದು ಕಾಣುವ ತೊಂದರೆ. ಮಾಲೀಕರು ಗಲ್ಫ್‌ನಲ್ಲಿರುತ್ತಾರೆ, ಖಾತೆಗೆ ಅಲ್ಲಿನ ನಂಬರ್ ಕೊಟ್ಟಿರುತ್ತಾರೆ. ಊರಿಗೆ ಮರಳಿದ ಮೇಲೆ ಆ ಸಿಮ್ ರದ್ದಾಗುತ್ತದೆ, ಒಟಿಪಿ ಬರುವ ದಾರಿ ಮುಚ್ಚುತ್ತದೆ. ಎರಡನೇ ಹಂತದ ಭದ್ರತೆಗೆ ಎಸ್‌ಎಂಎಸ್ ಬಿಟ್ಟು, ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿಸಿ, ರಿಕವರಿ ಕೋಡ್‌ಗಳನ್ನು ಪ್ರಿಂಟ್ ತೆಗೆದು ಅಂಗಡಿಯ ಲೈಸೆನ್ಸ್ ಇಡುವ ಫೈಲಿನಲ್ಲಿ ಇಡಿಸಿ.

ನಿಮ್ಮ ಖಾತೆಯಲ್ಲೇ ಎಲ್ಲ ಹೆಸರು

ಕೆಲಸಕ್ಕೆ ಇದಕ್ಕಿಂತ ಸುಲಭ ಇಲ್ಲ. ಒಂದೇ ಪರದೆಯಲ್ಲಿ ನಲವತ್ತು ಹೆಸರು, ಎಲ್ಲದರ ಅವಧಿ, ಎಲ್ಲದರ ಡಿಎನ್‌ಎಸ್. ನವೀಕರಣ ತಪ್ಪುವ ಸಂಭವ ಕಡಿಮೆ, ಏಕೆಂದರೆ ಮೈಲ್ ಓದುವುದು ನೀವು. ತಂತ್ರಜ್ಞಾನದ ಗಂಧವೇ ಇಲ್ಲದ ಗಿರಾಕಿಗೆ ಈ ದಾರಿ ನಿಜಕ್ಕೂ ಉಪಕಾರಿ, ಒಂದು ಷರತ್ತಿನ ಮೇಲೆ: ಖಾತೆ ನಿಮ್ಮದಾದರೂ ನೋಂದಣಿದಾರನ ಕಾಲಂನಲ್ಲಿ ಗಿರಾಕಿಯ ಹೆಸರೇ ಇರಬೇಕು. ಹಲವು ರಿಜಿಸ್ಟ್ರಾರ್‌ಗಳು ಖಾತೆದಾರನ ವಿವರವನ್ನೇ ತಾನಾಗಿ ತುಂಬುತ್ತವೆ. ಬದಲಿಸದೆ ಮುಂದೆ ಒತ್ತಿದರೆ ಕುಂಬಳೆಯ ಹೋಟೆಲಿನ ಹೆಸರು ದಾಖಲೆಯಲ್ಲಿ ಡಿಸೈನರನದು. ಬೇಕೆಂದು ಮಾಡಿದ್ದಲ್ಲದಿರಬಹುದು, ಆದರೆ ಗಿರಾಕಿಗೆ ಅದು ಗೊತ್ತಾಗುವುದು ಜಗಳದ ದಿನವೇ. ಹಾಗಾಗಿ ಕೊಂಡ ಮರುದಿನ, ಡೊಮೇನ್ ಯಾರದೆಂದು ತೋರಿಸುವ ಆರ್‌ಡಿಎಪಿ (RDAP) ಸೇವೆಯಲ್ಲಿ ಹುಡುಕಿ ನೋಡುವ ರೂಢಿ ಇರಲಿ. ಡಾಟ್ ಕಾಮ್‌ನಂಥ ಹೆಸರುಗಳಿಗೆ 2025ರ ಜನವರಿ 28ರಿಂದ ಹಳೆಯ ಹೂ-ಈಸ್ (WHOIS) ಹುಡುಕಾಟದ ಜಾಗಕ್ಕೆ ಅದೇ ಬಂದಿದೆ. ಹೊರಗೆ ವಿವರ ಮರೆಯಾಗಿ ಕಂಡರೆ ಖಾತೆಯೊಳಗಿನ ಸಂಪರ್ಕ ಪುಟದಲ್ಲೇ ನೋಡಿ.

ಎರಡನೇ ಅಪಾಯ ನಿಮ್ಮದೇ ಜೀವಕ್ಕೆ ಸಂಬಂಧಿಸಿದ್ದು. ನೀವು ಆಸ್ಪತ್ರೆ ಸೇರಿದರೆ, ಕೆಲಸ ಬಿಟ್ಟು ಬೆಂಗಳೂರಿಗೆ ಹೋದರೆ, ಖಾತೆ ಹ್ಯಾಕ್ ಆದರೆ, ನಲವತ್ತು ಮನೆಗಳ ಬೀಗ ಒಂದೇ ಗೊಂಚಲಿನಲ್ಲಿದೆ. ಮನೆಯ ಒಬ್ಬರಿಗೋ ನಂಬಿಕೆಯ ಜೊತೆಗಾರರಿಗೋ ಪ್ರವೇಶದ ದಾರಿ ಬರೆದಿಡದೆ ಈ ದಾರಿ ಹಿಡಿಯಬೇಡಿ. ಬೇರೆಯಾಗುವ ದಿನ ಬಂದರೆ ಸಮಾಧಾನವೂ ಇದೆ: ಗಿರಾಕಿ ಅದೇ ರಿಜಿಸ್ಟ್ರಾರ್ ಬಳಿ ಖಾತೆ ತೆರೆದರೆ ಹೆಸರನ್ನು ಖಾತೆಯಿಂದ ಖಾತೆಗೆ ತಳ್ಳಬಹುದು. ಸಾಮಾನ್ಯವಾಗಿ ಇದಕ್ಕೆ ಹಣ ಇಲ್ಲ, ಡಿಎನ್‌ಎಸ್ ಕೆಡುವುದಿಲ್ಲ.

ರಿಸೆಲ್ಲರ್ ಆಗುವುದು

ರಿಸೆಲ್ಲರ್‌ಕ್ಲಬ್‌ನಂಥ ಸಗಟು ಕಂಪನಿಯಲ್ಲಿ ಮುಂಗಡ ಹಣ ಇಟ್ಟು, ಪ್ರತಿ ಗಿರಾಕಿಗೂ ನಿಮ್ಮ ಹೆಸರಿನ ಪ್ಯಾನೆಲ್‌ನಲ್ಲಿ ಬೇರೆ ಬೇರೆ ಲಾಗಿನ್ ಕೊಡುವುದು. ಗಿರಾಕಿಗೆ ತನ್ನ ಖಾತೆ ಸಿಗುತ್ತದೆ, ನಿಮಗೆ ಎಲ್ಲದರ ಮೇಲೆ ಕಣ್ಣು ಇರುತ್ತದೆ. ಕಾಗದದ ಮೇಲೆ ಇದೇ ಚಂದ. ಆದರೆ ಗಿರಾಕಿ ನವೀಕರಣಕ್ಕೆ ಹಣ ಕಟ್ಟಿದರೂ ನಿಮ್ಮ ಮುಂಗಡದಲ್ಲಿ ಅಷ್ಟು ಹಣ ಉಳಿದಿರದಿದ್ದರೆ ಆರ್ಡರ್ ಅಲ್ಲೇ ನಿಲ್ಲುತ್ತದೆ. ಬಿಲ್ಲಿಂಗ್, ಜಿಎಸ್‌ಟಿ, ದೂರು, ಮಧ್ಯರಾತ್ರಿಯ ಫೋನ್ ಎಲ್ಲವೂ ನಿಮ್ಮ ತಲೆಗೆ. ಒಂದು ಹೆಸರಿಗೆ ವರ್ಷಕ್ಕೆ ಉಳಿಯುವ ಲಾಭ ಊರಿನ ಹೋಟೆಲಿನಲ್ಲಿ ಒಂದೆರಡು ಊಟದಷ್ಟು. ಐವತ್ತು ಹೆಸರಾದರೂ ಇಲ್ಲದೆ, ಹೋಸ್ಟಿಂಗ್ ಕೂಡ ಮಾರದೆ, ಈ ತಲೆನೋವು ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹೋಸ್ಟಿಂಗ್ ಜೊತೆ ಪುಕ್ಕಟೆ

‘ಒಂದು ವರ್ಷ ಡೊಮೇನ್ ಉಚಿತ’ ಎಂಬುದು ಬಜೆಟ್ ಬಹಳ ಬಿಗಿಯಿದ್ದಾಗ ಕಣ್ಣಿಗೆ ಬೀಳುತ್ತದೆ. ಸಾಮಾನ್ಯವಾಗಿ ಇದು ವರ್ಷವೋ ಮೂರು ವರ್ಷವೋ ಹೋಸ್ಟಿಂಗ್ ಹಣ ಒಟ್ಟಿಗೆ ಕಟ್ಟಿದವರಿಗೆ. ನಡುವೆ ಹೋಸ್ಟಿಂಗ್ ವಾಪಸ್ ಮಾಡಿದರೆ ಡೊಮೇನಿನ ಬೆಲೆ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಮನೆ ಮತ್ತು ಜಾಗ ಒಬ್ಬನ ಕೈಯಲ್ಲೇ ಇದ್ದಾಗ ಹೋಸ್ಟಿಂಗ್ ಬಿಲ್ಲಿನ ತಕರಾರು ಡೊಮೇನಿಗೂ ಹಬ್ಬಬಹುದು. ಒಂದೇ ವರ್ಷದ ಕಾರ್ಯಕ್ರಮದ ಸೈಟಿಗೆ ಸಾಕು. ಅಂಗಡಿಯ ಬೋರ್ಡಿನಲ್ಲಿ, ಚೀಟಿಯಲ್ಲಿ, ಪ್ಯಾಕೆಟ್ ಮೇಲೆ ಅಚ್ಚಾಗುವ ಹೆಸರಿಗೆ ಬೇಡ.

ಸಗಟು ದರಕ್ಕೇ ಕೊಡುವ ಕ್ಲೌಡ್‌ಫ್ಲೇರ್‌ನಂಥ ರಿಜಿಸ್ಟ್ರಾರ್‌ಗಳ ಬಗ್ಗೆಯೂ ಕೇಳುವವರಿದ್ದಾರೆ. ಐದು ವರ್ಷದ ಲೆಕ್ಕದಲ್ಲಿ ಅಗ್ಗ ನಿಜ. ಬದಲಿಗೆ ಅವರ ನೇಮ್‌ಸರ್ವರನ್ನೇ ಬಳಸಬೇಕು, ಡಾಲರಿನಲ್ಲಿ ಕಟ್ಟಬೇಕು. ಕಾರ್ಡ್ ಸರಿಯಿರುವ ಡಿಸೈನರಿಗೆ ಒಳ್ಳೆಯದು, ಯುಪಿಐ ಗಿರಾಕಿಗೆ ಅಲ್ಲ.

ಅವಧಿ ಮುಗಿದ ಮೇಲೆ ಏನಾಗುತ್ತದೆ

ಡಾಟ್ ಕಾಮ್ ಅವಧಿ ಮುಗಿದ ಕೂಡಲೇ ಕೈ ತಪ್ಪುವುದಿಲ್ಲ. ಮೊದಲು ಸೈಟು ಮತ್ತು ಮೈಲ್ ನಿಲ್ಲುತ್ತವೆ. ಗರಿಷ್ಠ 45 ದಿನದ ಒಂದು ಅವಕಾಶ ಇರುತ್ತದೆ, ಅದರಲ್ಲಿ ನಿಮಗೆ ಎಷ್ಟು ದಿನ ಬಿಡುವುದೆಂದು ತೀರ್ಮಾನಿಸುವುದು ರಿಜಿಸ್ಟ್ರಾರ್. ಆಗ ಮಾಮೂಲಿ ದರಕ್ಕೋ ಸ್ವಲ್ಪ ದಂಡಕ್ಕೋ ನವೀಕರಣ ಆಗುತ್ತದೆ. ಆಮೇಲೆ 30 ದಿನದ ರಿಡೆಂಪ್ಷನ್. ಇಲ್ಲಿ ಬಿಡಿಸಿಕೊಳ್ಳಲು ನವೀಕರಣದ ಹಲವು ಪಟ್ಟು ಹಣ ಬೇಕು. ಕೊನೆಗೆ 5 ದಿನ ಯಾರೂ ಏನೂ ಮಾಡುವಂತಿಲ್ಲ, ಬಳಿಕ ಹೆಸರು ಪೇಟೆಗೆ. ಈ ನಡುವೆಯೇ ಕೆಲವು ರಿಜಿಸ್ಟ್ರಾರ್‌ಗಳು ಹೆಸರನ್ನು ಹರಾಜಿಗೆ ಇಡುವುದೂ ಉಂಟು.

ಬ್ರಹ್ಮಕಲಶದ ಸೈಟುಗಳಿಗೆ ಇದು ಹೆಚ್ಚು ತಟ್ಟುತ್ತದೆ. ಕಲಶ ಮುಗಿದು ಸಮಿತಿ ಬರ್ಖಾಸ್ತಾಗುತ್ತದೆ, ಮುಂದಿನ ವರ್ಷ ಹಣ ಕಟ್ಟುವವರಿಲ್ಲ. ಆದರೆ ಆಮಂತ್ರಣ ಪತ್ರಿಕೆ, ಸ್ಮರಣ ಸಂಚಿಕೆ, ಗೂಗಲ್ ಮ್ಯಾಪ್‌ಗಳಲ್ಲಿ ವಿಳಾಸ ಉಳಿದಿರುತ್ತದೆ. ಹಳೆಯ ಕೊಂಡಿಗಳಿರುವ ಇಂಥ ಹೆಸರುಗಳನ್ನು ಜೂಜಿನ ಸೈಟಿನವರು ಕಾದು ಹಿಡಿಯುತ್ತಾರೆ. ದೇವರ ಹೆಸರಿನ ವಿಳಾಸ ಒತ್ತಿದ ಭಕ್ತರಿಗೆ ರಮ್ಮಿ ಆಟ ತೆರೆದರೆ ಆ ನೋವು ಸಣ್ಣದಲ್ಲ. ಸಮಿತಿಯ ಹೆಸರಲ್ಲಿ ಅಲ್ಲ, ದೇವಸ್ಥಾನದ ಆಡಳಿತದ ಹೆಸರಲ್ಲಿ ನೋಂದಾಯಿಸಿ, ಕಲಶದ ಬಜೆಟ್ಟಿನಲ್ಲೇ ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿಸಿ. ಒಂದು ಸಲಕ್ಕೆ 10 ವರ್ಷದವರೆಗೆ ಕಟ್ಟಬಹುದು.

ಯಾರಿಗೆ ಯಾವುದು

ಜಿಎಸ್‌ಟಿ ಇರುವ ವ್ಯಾಪಾರ, ಹೋಂಸ್ಟೇ, ಆಸ್ಪತ್ರೆ, ಶಾಲೆ: ಗಿರಾಕಿಯದೇ ಖಾತೆ. ವರ್ಷಕ್ಕೊಮ್ಮೆ ನೆನಪಿಸುವುದಕ್ಕೆ ನೀವು ನಿರ್ವಹಣೆಯ ಹಣ ಕೇಳಿ, ಅದು ನ್ಯಾಯವೇ. ಒಬ್ಬರೇ ನಡೆಸುವ ಸಣ್ಣ ಅಂಗಡಿ, ಮೈಲ್ ತೆರೆಯದ ಹಿರಿಯರು: ನಿಮ್ಮ ಖಾತೆ, ಅವರ ಹೆಸರು, ಮತ್ತು ಕೇಳಿದ ದಿನ ಬಿಟ್ಟುಕೊಡುತ್ತೇನೆಂದು ನಾಲ್ಕು ಸಾಲಿನ ಬರಹ. ಸಂಘ, ಮಂದಿರ, ದೇವಸ್ಥಾನ: ಸಂಸ್ಥೆಯ ಕಾಲಂ ತುಂಬಿದ ಅವರದೇ ಖಾತೆ, ಮೈಲ್ ವ್ಯಕ್ತಿಯದಲ್ಲ, ಹುದ್ದೆಗೆಂದೇ ತೆರೆದದ್ದು. ಅದರ ಪಾಸ್‌ವರ್ಡ್ ಮಹಾಸಭೆಯಲ್ಲಿ ಲೆಕ್ಕಪುಸ್ತಕದ ಜೊತೆ ಕೈಬದಲಾಗಲಿ.

ಶಾಲೆ-ಕಾಲೇಜಿನವರು ಡಾಟ್ ಎಡು ಡಾಟ್ ಇನ್ ಅಥವಾ ಡಾಟ್ ಎಸಿ ಡಾಟ್ ಇನ್ ಬೇಕೆಂದರೆ ಅದು ಕೇಂದ್ರ ಸರ್ಕಾರದ ಎರ್ನೆಟ್ ಇಂಡಿಯಾ ಸಂಸ್ಥೆಯ ಮೂಲಕ ಮಾತ್ರ, ಸಂಸ್ಥೆಯ ದಾಖಲೆ ಬೇಕು. ರಿಸರ್ವ್ ಬ್ಯಾಂಕ್ ಪರವಾನಗಿ ಇರುವ ಬ್ಯಾಂಕುಗಳ ಡಾಟ್ ಬ್ಯಾಂಕ್ ಡಾಟ್ ಇನ್ ಕೊಡುವುದು ರಿಸರ್ವ್ ಬ್ಯಾಂಕ್ ಸ್ಥಾಪಿಸಿದ ಸಂಸ್ಥೆ ಐಡಿಆರ್‌ಬಿಟಿ. ಇವೆರಡನ್ನೂ ನೀವು ಕೊಂಡುಕೊಡುವಂತಿಲ್ಲ.

ಕಾಮೋ, ಇನ್ನೋ, ಭಾರತವೋ, ಸ್ಪೆಲ್ಲಿಂಗ್ ಯಾವುದು

ಡಾಟ್ ಇನ್ ಭಾರತದ ನಿಕ್ಸಿ (NIXI) ಸಂಸ್ಥೆಯ ಕೈಯಲ್ಲಿದೆ, ಮೇಲಿನ ಐಕಾನ್ ಗಡುವುಗಳು ಅದಕ್ಕೆ ಹಾಗೆಯೇ ಹೊಂದುವುದಿಲ್ಲ. ಸಾಮಾನ್ಯವಾಗಿ ಡಾಟ್ ಕಾಮ್‌ಗಿಂತ ಅಗ್ಗ, ಊರಿನ ವ್ಯಾಪಾರಕ್ಕೆ ಧಾರಾಳ ಸಾಕು. ಆದರೆ ವಿವರ ಮರೆಮಾಡುವ ಪ್ರೈವಸಿ ಸೇವೆಗೆ ಅಲ್ಲಿ ಅವಕಾಶವಿಲ್ಲ, ಗುರುತಿನ ದಾಖಲೆ ಕೇಳಿದರೆ ಕೊಡಬೇಕು. ಆದ್ದರಿಂದ ಮನೆಯ ನಂಬರ್ ಬದಲು ಅಂಗಡಿಯ ನಂಬರ್ ಕೊಡಿಸಿ. ಕನ್ನಡ ಲಿಪಿಯ ಡಾಟ್ ಭಾರತ ಸಿಗುತ್ತದೆ, ನೋಡಲು ಹೆಮ್ಮೆ. ಅದರಡಿಯ ಮೈಲ್ ವಿಳಾಸವನ್ನು ಎಷ್ಟೋ ಫಾರ್ಮುಗಳು ಒಪ್ಪುವುದಿಲ್ಲ, ಕೆಲವು ಕಡೆ ಲಿಂಕ್ ಅಂಟಿಸಿದರೆ ‘ಎಕ್ಸ್‌ಎನ್’ ಎಂದು ಶುರುವಾಗುವ ಅರ್ಥವಾಗದ ಅಕ್ಷರಗಳಾಗುತ್ತವೆ. ಎರಡನೇ ಹೆಸರಾಗಿ ತೆಗೆದು ಮುಖ್ಯ ಸೈಟಿಗೆ ತಿರುಗಿಸಿದರೆ ಚೆನ್ನ.

ಗಡಿನಾಡಿನಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಸ್ಪೆಲ್ಲಿಂಗ್. ಮಂಜೇಶ್ವರ ಎಂದು ನಾವು ಬರೆದರೆ ಮಲಯಾಳದವರು ಕೊನೆಗೆ ‘ಎಂ’ ಸೇರಿಸುತ್ತಾರೆ. ಕಾಸರಗೋಡಿನ ನಡುವಿನ ‘ಎ’ ಕೆಲವರು ಬಿಡುತ್ತಾರೆ. ಕುಂಬಳೆಯ ಕೊನೆಗೆ ‘ಇ’ಯೋ ‘ಎ’ಯೋ, ಬದಿಯಡ್ಕದ ನಡುವೆ ‘ವೈ’ ಉಂಟೋ ಇಲ್ಲವೋ, ಬೋರ್ಡಿನಿಂದ ಬೋರ್ಡಿಗೆ ಬೇರೆ. ಊರಿನ ಹೆಸರು ಸೇರಿದ ಡೊಮೇನ್ ತೆಗೆಯುವ ಮೊದಲು ಅದನ್ನು ಫೋನಿನಲ್ಲಿ ಇಬ್ಬರಿಗೆ ಹೇಳಿ ಬರೆಸಿ ನೋಡಿ, ಒಬ್ಬರು ಕನ್ನಡದವರು, ಒಬ್ಬರು ಮಲಯಾಳದವರು. ಎರಡು ಬಗೆಯಾಗಿ ಬರೆದರೆ ಎರಡನ್ನೂ ಕೊಳ್ಳಿ. ಬಜೆಟ್ ಇಲ್ಲದಿದ್ದರೆ ಊರಿನ ಹೆಸರನ್ನೇ ಬಿಡಿ.

ಈಗಾಗಲೇ ತಪ್ಪು ಜಾಗದಲ್ಲಿರುವ ಹೆಸರನ್ನು ಸಾಗಿಸುವಾಗ

ಬೇರೆ ರಿಜಿಸ್ಟ್ರಾರ್‌ಗೆ ಹೋಗಲು ಲಾಕ್ ತೆಗೆದು ವರ್ಗಾವಣೆ ಕೋಡ್ ಪಡೆಯಬೇಕು. ಕೆಲಸ ಐದಾರು ದಿನದ್ದು. ಡಾಟ್ ಕಾಮ್‌ಗೆ ವರ್ಗಾವಣೆಯ ಹಣದಲ್ಲೇ ಒಂದು ವರ್ಷ ಸೇರುತ್ತದೆ. ಹೊಸದಾಗಿ ಕೊಂಡ 60 ದಿನದೊಳಗೆ ಆಗುವುದಿಲ್ಲ. ಮೊದಲು ನೋಂದಣಿದಾರನ ಹೆಸರು ಸರಿಮಾಡಿ ಆಮೇಲೆ ಸಾಗಿಸೋಣ ಎಂದು ಹೊರಟರೆ ಹೆಸರು ಬದಲಿಸಿದ್ದಕ್ಕೇ ಇನ್ನೊಂದು 60 ದಿನದ ಲಾಕ್ ಬೀಳಬಹುದು. ಮೊದಲು ಸಾಗಿಸಿ, ತಲುಪಿದ ಮೇಲೆ ಹೆಸರು ಬದಲಿಸಿ.

ಹಳೆಯ ರಿಜಿಸ್ಟ್ರಾರ್‌ನ ನೇಮ್‌ಸರ್ವರ್ ಬಳಸುತ್ತಿದ್ದರೆ ಹೊರಡುವ ಮೊದಲು ಎ (ಸೈಟಿನ ಸರ್ವರ್ ತೋರಿಸುವುದು), ಸಿನೇಮ್ (ಒಂದು ಹೆಸರನ್ನು ಇನ್ನೊಂದಕ್ಕೆ ತಿರುಗಿಸುವುದು), ಎಂಎಕ್ಸ್ (ಮೈಲ್ ಹೋಗುವ ಸರ್ವರ್), ಟಿಎಕ್ಸ್‌ಟಿ (ಬರಹದ ಸಾಲು) ಎಂಬ ಡಿಎನ್‌ಎಸ್ ರೆಕಾರ್ಡ್ ಎಲ್ಲವನ್ನೂ ಹೊಸ ಕಡೆ ನಕಲು ಮಾಡಿ. ಸೈಟು ತೆರೆದರೆ ಸಾಕೆಂದು ಎ ರೆಕಾರ್ಡ್ ಮಾತ್ರ ಒಯ್ದವರ ಗಿರಾಕಿಗೆ ಮರುದಿನದಿಂದ ಮೈಲ್ ಬರುವುದಿಲ್ಲ. ಮೈಲ್ ಅಸಲಿ ಎಂದು ಸಾಬೀತುಪಡಿಸುವ ಎಸ್‌ಪಿಎಫ್, ಡಿಕಿಮ್ ಸಾಲುಗಳನ್ನು ಬಿಟ್ಟವರ ಕೊಟೇಶನ್‌ಗಳು ಸ್ಪ್ಯಾಮಿಗೆ ಹೋಗುತ್ತವೆ. ಎಸ್‌ಪಿಎಫ್ ಒಂದು ಹೆಸರಿಗೆ ಒಂದೇ ಸಾಲು. ಎರಡು ಹಾಕಿದರೆ ಎರಡೂ ಕೆಡುತ್ತವೆ. ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರಕ್ಕೆ ಹಾಕುವ ಡಿಜಿಟಲ್ ಸಹಿ) ಆನ್ ಇದ್ದರೆ ನೇಮ್‌ಸರ್ವರ್ ಬದಲಿಸುವ ಒಂದೆರಡು ದಿನ ಮೊದಲೇ ಆ ಸಹಿಯ ಗುರುತಾದ ಡಿಎಸ್ ರೆಕಾರ್ಡ್ ತೆಗೆಯಿರಿ, ಇಲ್ಲವಾದರೆ ಹೆಸರೇ ಸಿಗದಂತಾಗುತ್ತದೆ. ಹಳೆಯ ಕಡೆಯ ಡಿಎನ್‌ಎಸ್ ಇನ್ನೂ ಎರಡು ದಿನ ಬದುಕಿರಲಿ, ಡಾಟ್ ಕಾಮ್‌ನ ನೇಮ್‌ಸರ್ವರ್ ಮಾಹಿತಿ 48 ಗಂಟೆಯವರೆಗೆ ಅಲ್ಲಲ್ಲಿ ಉಳಿದಿರುತ್ತದೆ.

ಅವಧಿ ಮುಗಿಯಲು ಹದಿನೈದೇ ದಿನ ಇರುವ ಡಾಟ್ ಕಾಮ್ ಆದರೆ ವರ್ಗಾವಣೆಗೆ ಕೈ ಹಾಕಬೇಡಿ. ಇದ್ದಲ್ಲೇ ನವೀಕರಿಸಿ ಆಮೇಲೆ ಸಾಗಿಸಿ, ಕಟ್ಟಿದ ವರ್ಷ ಜೊತೆಗೇ ಬರುತ್ತದೆ. ಅವಧಿ ಮುಗಿದ ಮೇಲೆ ನವೀಕರಿಸಿ 45 ದಿನದೊಳಗೆ ಸಾಗಿಸಿದರೆ ಮಾತ್ರ ಆ ವರ್ಷ ಬಿದ್ದುಹೋಗಬಹುದು, ಹಣವೂ ವಾಪಸ್ ಬರದಿರಬಹುದು.